ಹಡ್ಸನ್ ನದಿಯ ಸಮುದಾಯ ಜಲವಿಹಾರ ಕಿರು ಅನುದಾನಗಳು

ಹಡ್ಸನ್ ನದಿಯ ಸಮುದಾಯ ಜಲವಿಹಾರ ಕಿರು ಅನುದಾನಗಳು ಎಂದರೆ ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ರಾಜ್ಯದಲ್ಲಿ, ಹಡ್ಸನ್ ನದಿ ಹಾಗೂ ಅದರ ಅಳಿವೆಯ ದಡದಲ್ಲಿ ಕಯಾಕ್, ಹುಟ್ಟುದೋಣಿ, ಹಾಯಿದೋಣಿ, ಈಜು ಮೊದಲಾದ ಚಟುವಟಿಕೆಗಳನ್ನು ಸಾರ್ವಜನಿಕರಿಗೆ ಉಚಿತವಾಗಿ ಇಲ್ಲವೆ ಅಲ್ಪ ಶುಲ್ಕಕ್ಕೆ ಒದಗಿಸುವ ಲಾಭರಹಿತ ಸಂಸ್ಥೆಗಳಿಗೆ ದೊರೆಯುವ ಸಣ್ಣ ಮೊತ್ತದ ಧನಸಹಾಯ. ಈ ಸಹಾಯವು ಒಂದೇ ಮೂಲದಿಂದ ಬರುವುದಿಲ್ಲ. ರಾಜ್ಯ ಸರ್ಕಾರದ ಕಾರ್ಯಕ್ರಮಗಳು, ನದಿಯ ಹಿತಕ್ಕಾಗಿ ಸ್ಥಾಪಿತವಾದ ಪ್ರತಿಷ್ಠಾನಗಳು, ಖಾಸಗಿ ದತ್ತಿನಿಧಿಗಳು ಹಾಗೂ ಸಾರ್ವಜನಿಕ ದೇಣಿಗೆಗಳು ಇದರಲ್ಲಿ ಸೇರಿವೆ.

ನದಿಯನ್ನು ಶುದ್ಧಗೊಳಿಸುವ ಕಾರ್ಯಕ್ಕೆ ಕೋಟ್ಯಂತರ ಡಾಲರುಗಳ ಸಾರ್ವಜನಿಕ ಹಣ ವ್ಯಯವಾಗಿದೆ. ಆದರೆ ಶುದ್ಧವಾದ ನೀರನ್ನು ಜನಸಾಮಾನ್ಯರು ಮುಟ್ಟಬೇಕಾದರೆ ದಡದಲ್ಲಿ ಇಳಿಯಲು ಒಂದು ಜಾಗ, ಒಂದು ದೋಣಿ, ಒಂದು ಲೈಫ್ ಜಾಕೆಟ್ ಮತ್ತು ಕಲಿಸುವವರೊಬ್ಬರು ಬೇಕು. ದೊಡ್ಡ ಯೋಜನೆಗಳ ಲೆಕ್ಕಕ್ಕೆ ಬಾರದ ಈ ಕೊನೆಯ ಅಂತರವನ್ನು ತುಂಬುವುದು ಕಿರು ಅನುದಾನಗಳ ಮುಖ್ಯ ಉದ್ದೇಶವಾಗಿದೆ.

ನದಿಯ ಸ್ವರೂಪ

ಹಡ್ಸನ್ ನದಿಯು ಅಡಿರಾಂಡಾಕ್ ಪರ್ವತಶ್ರೇಣಿಯಲ್ಲಿ ಹುಟ್ಟಿ ದಕ್ಷಿಣಾಭಿಮುಖವಾಗಿ ಸುಮಾರು 507 ಕಿಲೋಮೀಟರ್ ಹರಿದು ನ್ಯೂಯಾರ್ಕ್ ಬಂದರನ್ನು ಸೇರುತ್ತದೆ. ಟ್ರಾಯ್ ಪಟ್ಟಣದ ಬಳಿಯ ಫೆಡರಲ್ ಅಣೆಕಟ್ಟಿನಿಂದ ಮ್ಯಾನ್‌ಹಟನ್ನಿನ ದಕ್ಷಿಣ ತುದಿಯವರೆಗಿನ ಸುಮಾರು 246 ಕಿಲೋಮೀಟರ್ ಉದ್ದದ ಭಾಗವು ಅಳಿವೆಯಾಗಿದ್ದು, ಸಮುದ್ರದ ಉಬ್ಬರವಿಳಿತಕ್ಕೆ ಒಳಪಟ್ಟಿದೆ. ಇಲ್ಲಿ ನೀರು ದಿನಕ್ಕೆ ಎರಡು ಬಾರಿ ಉತ್ತರಕ್ಕೂ ಎರಡು ಬಾರಿ ದಕ್ಷಿಣಕ್ಕೂ ಚಲಿಸುತ್ತದೆ. ಮೂಲನಿವಾಸಿಗಳು ಈ ನದಿಗೆ ಇಟ್ಟಿದ್ದ ಹೆಸರನ್ನು ಸಾಮಾನ್ಯವಾಗಿ 'ಎರಡೂ ಕಡೆಗೆ ಹರಿಯುವ ನೀರು' ಎಂದು ಅರ್ಥೈಸಲಾಗುತ್ತದೆ.

ಈ ಲಕ್ಷಣವು ಜಲವಿಹಾರದ ಸೌಕರ್ಯಗಳ ವೆಚ್ಚದ ಮೇಲೆ ನೇರ ಪರಿಣಾಮ ಬೀರುತ್ತದೆ. ಮ್ಯಾನ್‌ಹಟನ್ನಿನ ದಕ್ಷಿಣ ತುದಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಣ ಸರಾಸರಿ ವ್ಯತ್ಯಾಸ ಸುಮಾರು ನಾಲ್ಕೂವರೆ ಅಡಿ. ಹೀಗಾಗಿ ದಡಕ್ಕೆ ಬಿಗಿದು ಕಟ್ಟಿದ ಧಕ್ಕೆಯು ಇಳಿತದ ಹೊತ್ತಿನಲ್ಲಿ ಸಣ್ಣ ದೋಣಿಗಳಿಗೆ ನಿಲುಕದಷ್ಟು ಎತ್ತರದಲ್ಲಿ ಉಳಿದುಬಿಡುತ್ತದೆ. ನೀರಿನೊಡನೆ ಏರಿ ಇಳಿಯುವ ತೇಲುಧಕ್ಕೆ ಮತ್ತು ಅದಕ್ಕೆ ದಡದಿಂದ ಇಳಿಯುವ ಕೀಲುಸೇತುವೆ ಇಲ್ಲಿ ಅನಿವಾರ್ಯ. ಚಳಿಗಾಲದಲ್ಲಿ ನದಿಯಲ್ಲಿ ಮಂಜುಗಡ್ಡೆ ಕಟ್ಟುವುದರಿಂದ ಅನೇಕ ತೇಲುಧಕ್ಕೆಗಳನ್ನು ಪ್ರತಿ ವರ್ಷವೂ ಬಿಚ್ಚಿ ದಡಕ್ಕೆ ಎಳೆದು, ವಸಂತದಲ್ಲಿ ಮತ್ತೆ ಜೋಡಿಸಬೇಕಾಗುತ್ತದೆ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದಲ್ಲಿ ಹಡ್ಸನ್ ದಡದ ಜನರಿಗೆ ನದಿಯು ನಿತ್ಯದ ಒಡನಾಟದ ತಾಣವಾಗಿತ್ತು. 1870ರಲ್ಲಿ ನ್ಯೂಯಾರ್ಕ್ ನಗರಾಡಳಿತವು ನದಿಯಲ್ಲಿ ಉಚಿತ ತೇಲು ಸ್ನಾನಗೃಹಗಳನ್ನು ತೆರೆಯಿತು. ಮನೆಯಲ್ಲಿ ಸ್ನಾನದ ಅನುಕೂಲವಿಲ್ಲದ ಕಾರ್ಮಿಕ ಕುಟುಂಬಗಳು ಇವುಗಳನ್ನು ಬಳಸುತ್ತಿದ್ದವು. ಪೊಕೀಪ್ಸಿ ಪಟ್ಟಣದಲ್ಲಿ 1895ರಿಂದ 1949ರವರೆಗೆ ಬಹುತೇಕ ವರ್ಷಗಳಲ್ಲಿ ಅಂತರಕಾಲೇಜು ಹುಟ್ಟುದೋಣಿ ಸ್ಪರ್ಧೆಗಳು ನಡೆದವು.

ಎರಡು ಕಾರಣಗಳಿಂದ ಈ ಒಡನಾಟ ಕಡಿದುಹೋಯಿತು. ಮೊದಲನೆಯದು ರೈಲುಮಾರ್ಗ. 1851ರಲ್ಲಿ ಪೂರ್ವ ದಡದಲ್ಲಿಯೂ, 1880ರ ದಶಕದಲ್ಲಿ ಪಶ್ಚಿಮ ದಡದಲ್ಲಿಯೂ ನೀರಿನ ಅಂಚಿಗೆ ತಾಗಿಕೊಂಡೇ ಹಳಿಗಳನ್ನು ಹಾಕಲಾಯಿತು. ಇಂದಿಗೂ ಅನೇಕ ಊರುಗಳಲ್ಲಿ ನದಿ ಕಣ್ಣಿಗೆ ಕಾಣುತ್ತದೆಯಾದರೂ ಹಳಿ ದಾಟದೆ ಅದನ್ನು ತಲುಪಲಾಗದು. ಎರಡನೆಯದು ಮಾಲಿನ್ಯ. ಮ್ಯಾನ್‌ಹಟನ್ನಿನ ಪಶ್ಚಿಮ ಭಾಗದ ಕೊಳಚೆ ನೀರು ಸಂಸ್ಕರಣೆಯಿಲ್ಲದೆ ನೇರವಾಗಿ ನದಿಗೆ ಸೇರುತ್ತಿತ್ತು. ನದಿಯ ಮೇಲ್ಭಾಗದ ಹಡ್ಸನ್ ಫಾಲ್ಸ್ ಮತ್ತು ಫೋರ್ಟ್ ಎಡ್ವರ್ಡ್ ಪಟ್ಟಣಗಳಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆಗಳಿಂದ 1947ರಿಂದ 1977ರವರೆಗೆ ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ರಾಸಾಯನಿಕ ನದಿಗೆ ಸೇರಿತು. ಸಂಕ್ಷಿಪ್ತವಾಗಿ ಪಿಸಿಬಿ ಎಂದು ಕರೆಯಲಾಗುವ ಈ ವಸ್ತುವು ಕೆಸರಿನಲ್ಲಿ ನೆಲೆಸಿ, ಮೀನುಗಳ ಮೈಯಲ್ಲಿ ಸಂಗ್ರಹವಾಗುತ್ತದೆ. ತೇಲು ಸ್ನಾನಗೃಹಗಳು ಕ್ರಮೇಣ ಕಣ್ಮರೆಯಾದವು. ಒಂದೆರಡು ತಲೆಮಾರುಗಳಲ್ಲಿ ನದಿಯು ದೂರದಿಂದ ನೋಡುವ ವಸ್ತುವಾಯಿತು.

ಸ್ಟಾರ್ಮ್ ಕಿಂಗ್ ವಿವಾದ

1962ರಲ್ಲಿ ಕನ್ಸಾಲಿಡೇಟೆಡ್ ಎಡಿಸನ್ ವಿದ್ಯುತ್ ಕಂಪನಿಯು ಸ್ಟಾರ್ಮ್ ಕಿಂಗ್ ಬೆಟ್ಟದಲ್ಲಿ ಪಂಪ್ ಮಾಡಿ ನೀರು ಸಂಗ್ರಹಿಸುವ ಜಲವಿದ್ಯುತ್ ಸ್ಥಾವರವನ್ನು ನಿರ್ಮಿಸುವ ಯೋಜನೆಯನ್ನು ಪ್ರಕಟಿಸಿತು. ಇದನ್ನು ವಿರೋಧಿಸಿ 1963ರಲ್ಲಿ ಸ್ಥಳೀಯರು ಸೀನಿಕ್ ಹಡ್ಸನ್ ಎಂಬ ಸಂಘಟನೆಯನ್ನು ಕಟ್ಟಿದರು. 1965ರಲ್ಲಿ ಮೇಲ್ಮನವಿ ನ್ಯಾಯಾಲಯವು, ಪ್ರಕೃತಿ ಸೌಂದರ್ಯ ಮತ್ತು ವಿಹಾರದ ಹಿತಾಸಕ್ತಿಯುಳ್ಳ ನಾಗರಿಕ ಸಂಘಟನೆಗೂ ಇಂತಹ ಪ್ರಕರಣದಲ್ಲಿ ದಾವೆ ಹೂಡುವ ಹಕ್ಕಿದೆ ಎಂದು ಮಾನ್ಯ ಮಾಡಿತು. ಅಮೆರಿಕದ ಪರಿಸರ ಕಾನೂನಿನ ಇತಿಹಾಸದಲ್ಲಿ ಈ ತೀರ್ಪನ್ನು ಒಂದು ಮೈಲಿಗಲ್ಲೆಂದು ಪರಿಗಣಿಸಲಾಗಿದೆ.

ವಿವಾದವು 1980ರ ಡಿಸೆಂಬರ್‌ನಲ್ಲಿ ರಾಜಿಯ ಮೂಲಕ ಕೊನೆಗೊಂಡಿತು. ಕಂಪನಿಯು ಸ್ಥಾವರದ ಯೋಜನೆಯನ್ನು ಕೈಬಿಟ್ಟಿತು. ನದಿ ದಡದ ವಿದ್ಯುತ್ ಸ್ಥಾವರಗಳು ಮೀನುಗಳ ಹಾನಿಯನ್ನು ತಗ್ಗಿಸಲು ಒಪ್ಪಿದವು. ನದಿಯ ಅಧ್ಯಯನಕ್ಕಾಗಿ 1.2 ಕೋಟಿ ಡಾಲರ್ ಮೂಲಧನದ ಸ್ವತಂತ್ರ ಪ್ರತಿಷ್ಠಾನವೊಂದನ್ನು ಸ್ಥಾಪಿಸಲು ನಿರ್ಧರಿಸಲಾಯಿತು. ಇದರ ಫಲವಾಗಿ ಹಡ್ಸನ್ ರಿವರ್ ಫೌಂಡೇಷನ್ ರೂಪುಗೊಂಡಿತು.

ಶುದ್ಧೀಕರಣ

1965ರಲ್ಲಿ ನ್ಯೂಯಾರ್ಕ್ ರಾಜ್ಯದ ಮತದಾರರು ಶುದ್ಧ ನೀರಿಗಾಗಿ 100 ಕೋಟಿ ಡಾಲರ್ ಮೊತ್ತದ ಸಾಲಪತ್ರಗಳಿಗೆ ಒಪ್ಪಿಗೆ ನೀಡಿದರು. 1966ರಲ್ಲಿ ಮೀನುಗಾರರು ಹಾಗೂ ನದಿಪ್ರೇಮಿಗಳು ಸೇರಿ ಹಡ್ಸನ್ ನದಿ ಮೀನುಗಾರರ ಸಂಘವನ್ನು ಸ್ಥಾಪಿಸಿದರು. ಇದರ ಮುಂದುವರಿಕೆಯಾಗಿ ರಿವರ್‌ಕೀಪರ್ ಸಂಸ್ಥೆ ಬೆಳೆಯಿತು. ಜಾನಪದ ಗಾಯಕ ಪೀಟ್ ಸೀಗರ್ ಹಾಗೂ ಅವರ ಸಂಗಡಿಗರು ನಿಧಿ ಸಂಗ್ರಹಿಸಿ ನಿರ್ಮಿಸಿದ ಕ್ಲಿಯರ್‌ವಾಟರ್ ಎಂಬ ಹಾಯಿಹಡಗು 1969ರಲ್ಲಿ ನೀರಿಗಿಳಿಯಿತು. ಜನರನ್ನು ನದಿಯ ಮೇಲೆ ಕರೆದೊಯ್ದರೆ ಅವರು ನದಿಯ ಪರವಾಗಿ ನಿಲ್ಲುತ್ತಾರೆ ಎಂಬ ನಂಬಿಕೆ ಈ ಹಡಗಿನ ಹಿಂದಿತ್ತು.

1972ರ ಶುದ್ಧ ಜಲ ಕಾಯಿದೆಯು ದೇಶದ ನೀರಿನಾಸರೆಗಳು ಮೀನುಗಳ ಉಳಿವಿಗೂ, ನೀರಿನೊಳಗೆ ಹಾಗೂ ನೀರಿನ ಮೇಲೆ ವಿಹರಿಸುವುದಕ್ಕೂ ಯೋಗ್ಯವಾಗಬೇಕೆಂಬ ಗುರಿಯನ್ನು ಸಾರಿತು. 1986ರಲ್ಲಿ ಮ್ಯಾನ್‌ಹಟನ್ನಿನ ನಾರ್ತ್ ರಿವರ್ ಕೊಳಚೆ ಸಂಸ್ಕರಣಾ ಘಟಕ ಕಾರ್ಯಾರಂಭ ಮಾಡಿತು. ಪಿಸಿಬಿ ಇರುವ ಕೆಸರನ್ನು 2009ರಿಂದ 2015ರವರೆಗೆ ನದಿಯ ಮೇಲ್ಭಾಗದಲ್ಲಿ ಅಗೆದು ತೆಗೆಯಲಾಯಿತು. ಹೀಗೆ ನೀರಿನ ಗುಣಮಟ್ಟ ಬಹುಮಟ್ಟಿಗೆ ಸುಧಾರಿಸಿದ ಮೇಲೆ, ದಡದವರು ಮತ್ತೆ ನೀರಿಗೆ ಇಳಿಯುವುದು ಹೇಗೆ ಎಂಬ ಪ್ರಶ್ನೆ ಮುನ್ನೆಲೆಗೆ ಬಂದಿತು.

ಕಿರು ಅನುದಾನದ ಅಗತ್ಯ

ಅಮೆರಿಕದಲ್ಲಿ ಹೊರಾಂಗಣ ವಿಹಾರಕ್ಕೆ ಮೀಸಲಾದ ದೊಡ್ಡ ಮೊತ್ತದ ಸಾರ್ವಜನಿಕ ನಿಧಿಗಳಿವೆ. ಅವುಗಳಲ್ಲಿ ಪ್ರಮುಖವಾದುದು 1964ರ ಕಾಯಿದೆಯ ಮೂಲಕ ಸ್ಥಾಪಿತವಾದ ಭೂಮಿ ಮತ್ತು ಜಲ ಸಂರಕ್ಷಣಾ ನಿಧಿ. 2020ರ ಕಾನೂನಿನ ಪ್ರಕಾರ ಈ ನಿಧಿಗೆ ವರ್ಷಕ್ಕೆ 90 ಕೋಟಿ ಡಾಲರ್ ಖಚಿತವಾಗಿ ದೊರೆಯುತ್ತದೆ. ಆದರೆ ಈ ನಿಧಿಯಿಂದ ವಿಹಾರ ಯೋಜನೆಗಳಿಗೆ ನೀಡುವ ನೆರವು ರಾಜ್ಯ ಸರ್ಕಾರಗಳಿಗೂ, ಅವುಗಳ ಮೂಲಕ ಸ್ಥಳೀಯಾಡಳಿತಗಳಿಗೂ ಹೋಗುತ್ತದೆ. ವೆಚ್ಚದ ಅರ್ಧದಷ್ಟನ್ನು ಪಡೆಯುವವರೇ ಭರಿಸಬೇಕು. ದೋಣಿಮನೆ ನಡೆಸುವ ಸಣ್ಣ ಸಂಘವೊಂದು ಇದಕ್ಕೆ ನೇರವಾಗಿ ಅರ್ಜಿ ಹಾಕುವಂತಿಲ್ಲ.

ಇನ್ನೊಂದು ದೊಡ್ಡ ಮೂಲವೆಂದರೆ ಕ್ರೀಡಾ ಮೀನುಗಾರಿಕೆ ಪುನರುಜ್ಜೀವನ ನಿಧಿ. ಮೀನು ಹಿಡಿಯುವ ಸಲಕರಣೆಗಳ ಮೇಲಿನ ಅಬಕಾರಿ ತೆರಿಗೆ ಮತ್ತು ಯಂತ್ರದೋಣಿಗಳ ಇಂಧನ ತೆರಿಗೆ ಇದಕ್ಕೆ ಸೇರುತ್ತವೆ. ಪ್ರತಿ ರಾಜ್ಯವೂ ತನ್ನ ಪಾಲಿನ ಒಂದು ಭಾಗವನ್ನು ದೋಣಿಗಳಿಗೆ ದಡದ ಸೌಕರ್ಯ ಕಲ್ಪಿಸಲು ಬಳಸಬೇಕೆಂಬ ನಿಯಮವಿದೆ. ತೆರಿಗೆ ತೆರುವವರು ಯಂತ್ರದೋಣಿಯವರಾದುದರಿಂದ ಆ ಸೌಕರ್ಯಗಳು ಸಹಜವಾಗಿಯೇ ಅವರ ಅಗತ್ಯಕ್ಕೆ ತಕ್ಕಂತೆ ರೂಪುಗೊಂಡಿವೆ. ವಾಹನದ ಹಿಂದಿನ ಟ್ರೇಲರಿನಿಂದ ದೋಣಿ ಇಳಿಸಲು ಬೇಕಾದ ಅಗಲವಾದ ಕಾಂಕ್ರೀಟ್ ಇಳಿಜಾರು ಕಯಾಕ್ ಹೊತ್ತು ತರುವವರಿಗೆ ಅಷ್ಟಾಗಿ ಒದಗುವುದಿಲ್ಲ. ಅವರಿಗೆ ಬೇಕಾದುದು ನೀರಿನ ಮಟ್ಟಕ್ಕಿಂತ ಕೆಲವೇ ಅಂಗುಲ ಎತ್ತರದ ತೇಲುಧಕ್ಕೆ ಅಥವಾ ಮೆಲ್ಲನೆ ಇಳಿಯುವ ಮರಳಿನ ದಡ.

ದೊಡ್ಡ ನಿಧಿಗಳ ನಿಯಮಗಳಿಗೆ ಹೊಂದದ, ಆದರೆ ಊರಿನವರ ಚಂದಾಹಣಕ್ಕೂ ಮೀರಿದ ವೆಚ್ಚಗಳು ಹೀಗೆ ನಡುವೆ ಉಳಿದುಬಿಡುತ್ತವೆ. ಸ್ವಂತ ದೋಣಿ ಕೊಂಡು, ಅದನ್ನಿಡಲು ಜಾಗ ಬಾಡಿಗೆಗೆ ಹಿಡಿದು, ಖಾಸಗಿ ಕ್ಲಬ್ಬಿನ ಸದಸ್ಯತ್ವ ಪಡೆಯಬಲ್ಲವರಿಗೆ ಇದು ಅಡ್ಡಿಯಾಗದು. ಅಷ್ಟು ಅನುಕೂಲವಿಲ್ಲದ ಕುಟುಂಬದ ಮಕ್ಕಳಿಗೆ ನದಿಯ ಬಾಗಿಲು ತೆರೆಯುವುದೂ ಮುಚ್ಚುವುದೂ ಇಂತಹ ಸಣ್ಣ ವೆಚ್ಚಗಳ ಮೇಲೆಯೇ ನಿಂತಿದೆ.

ಅನುದಾನದ ಮೂಲಗಳು

ಹಡ್ಸನ್ ನದಿ ಸುಧಾರಣಾ ನಿಧಿ

ಹಡ್ಸನ್ ರಿವರ್ ಫೌಂಡೇಷನ್ ಪ್ರಧಾನವಾಗಿ ವೈಜ್ಞಾನಿಕ ಸಂಶೋಧನೆಗೆ ನೆರವು ನೀಡುವ ಸಂಸ್ಥೆ. ಅದು ನಿರ್ವಹಿಸುವ ಹಡ್ಸನ್ ನದಿ ಸುಧಾರಣಾ ನಿಧಿಯು ನದಿಯ ನೈಸರ್ಗಿಕ, ದೃಶ್ಯ ಹಾಗೂ ಸಾಂಸ್ಕೃತಿಕ ಸಂಪತ್ತನ್ನು ಸಾರ್ವಜನಿಕರು ಬಳಸಿ ಆನಂದಿಸಲು ಅನುವಾಗುವ ಯೋಜನೆಗಳಿಗೆ ಮೀಸಲಾಗಿದೆ. ಕಟ್ಟುವುದು, ದುರಸ್ತಿ ಮಾಡುವುದು, ಸುಧಾರಿಸುವುದು ಮೊದಲಾದ ಭೌತಿಕ ಕಾಮಗಾರಿಗಳಿಗೆ ಇದರಲ್ಲಿ ಆದ್ಯತೆಯಿದೆ.

ನದಿಗೆ ಆದ ಅಥವಾ ಆಗಬಹುದಾಗಿದ್ದ ಹಾನಿಯ ವಿವಾದಗಳು ನದಿಯ ಹಿತದ ನಿಧಿಗಳಾಗಿ ಪರಿಣಮಿಸುವುದು ಹಡ್ಸನ್ ಇತಿಹಾಸದ ಒಂದು ವೈಶಿಷ್ಟ್ಯ. ಸ್ಟಾರ್ಮ್ ಕಿಂಗ್ ರಾಜಿ ಇದಕ್ಕೆ ಪ್ರಮುಖ ನಿದರ್ಶನ. 1983ರಲ್ಲಿ ಎಕ್ಸಾನ್ ಕಂಪನಿಯ ತೈಲಹಡಗುಗಳು ನದಿಯಲ್ಲಿ ತಮ್ಮ ತೊಟ್ಟಿಗಳನ್ನು ತೊಳೆದು, ಇಲ್ಲಿನ ಸಿಹಿನೀರನ್ನು ತುಂಬಿಕೊಂಡು ಕೆರಿಬಿಯನ್ ಸಮುದ್ರದ ಅರೂಬಾ ದ್ವೀಪಕ್ಕೆ ಒಯ್ಯುತ್ತಿದ್ದುದು ಬೆಳಕಿಗೆ ಬಂದಿತು. ಆ ಪ್ರಕರಣವೂ ರಾಜಿಯಲ್ಲಿ ಮುಗಿದು, ಕಂಪನಿಯು ಹಣ ತೆರಬೇಕಾಯಿತು.

ರಾಜ್ಯ ಸರ್ಕಾರದ ಕಾರ್ಯಕ್ರಮಗಳು

ನ್ಯೂಯಾರ್ಕ್ ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆಯ ಅಡಿಯಲ್ಲಿ 1987ರಿಂದ ಹಡ್ಸನ್ ನದಿ ಅಳಿವೆ ಕಾರ್ಯಕ್ರಮ ನಡೆಯುತ್ತಿದೆ. ನದಿಗೆ ಸಾರ್ವಜನಿಕ ಪ್ರವೇಶ, ಪರಿಸರ ಶಿಕ್ಷಣ ಹಾಗೂ ಉಪನದಿಗಳ ರಕ್ಷಣೆ ಇದರ ಕಾರ್ಯವ್ಯಾಪ್ತಿಯಲ್ಲಿವೆ. 1991ರ ಹಡ್ಸನ್ ಕಣಿವೆ ಗ್ರೀನ್‌ವೇ ಕಾಯಿದೆಯು ನದಿ ದಡದ ಊರುಗಳು ಸ್ವಇಚ್ಛೆಯಿಂದ ಕೈಜೋಡಿಸಿ ಯೋಜನೆ ರೂಪಿಸುವ ವ್ಯವಸ್ಥೆಯನ್ನು ಒದಗಿಸಿತು. ಇದರ ಆಶ್ರಯದಲ್ಲಿ 2001ರಲ್ಲಿ ಹಡ್ಸನ್ ನದಿ ಗ್ರೀನ್‌ವೇ ಜಲಪಥ ಆರಂಭವಾಯಿತು. ಕಯಾಕ್, ಕನೂ ಮೊದಲಾದ ಸಣ್ಣ ದೋಣಿಗಳಲ್ಲಿ ಸಾಗುವವರು ಇಳಿದು ವಿಶ್ರಮಿಸಲು ಅಥವಾ ತಂಗಲು ಅನುಕೂಲವಾಗುವಂತೆ ಸುಮಾರು 256 ಮೈಲಿ ಉದ್ದಕ್ಕೂ ಗುರುತಿಸಲಾದ ತಾಣಗಳ ಸರಣಿ ಇದಾಗಿದೆ.

ಖಾಸಗಿ ದತ್ತಿಗಳು ಮತ್ತು ದೇಣಿಗೆಗಳು

ಊರುಮಟ್ಟದ ಸಮುದಾಯ ಪ್ರತಿಷ್ಠಾನಗಳು, ಕುಟುಂಬ ದತ್ತಿಗಳು, ದೋಣಿ ಸಲಕರಣೆಗಳ ವ್ಯಾಪಾರಿಗಳು ಹಾಗೂ ಸೇವಾ ಕ್ಲಬ್ಬುಗಳು ಹಣದ ರೂಪದಲ್ಲಿಯೋ ವಸ್ತುರೂಪದಲ್ಲಿಯೋ ನೆರವು ನೀಡುತ್ತವೆ. ಬಳಸಿದ ಕಯಾಕ್‌ಗಳು, ಮರದ ಹಲಗೆಗಳು, ಬಣ್ಣ, ಹಗ್ಗ ಮೊದಲಾದವು ಸಣ್ಣ ಸಂಘಗಳಿಗೆ ಹಣದಷ್ಟೇ ಬೆಲೆಯುಳ್ಳವು.

ಅನುದಾನಕ್ಕೆ ಅರ್ಹವಾದ ವೆಚ್ಚಗಳು

ಕಿರು ಅನುದಾನಗಳ ನಿಯಮಗಳು ನಿಧಿಯಿಂದ ನಿಧಿಗೆ ಭಿನ್ನವಾಗಿದ್ದರೂ ಸಾಮಾನ್ಯವಾಗಿ ಕೆಳಗಿನ ವೆಚ್ಚಗಳಿಗೆ ನೆರವು ದೊರೆಯುತ್ತದೆ:

• ತೇಲುಧಕ್ಕೆ, ಕೀಲುಸೇತುವೆ, ದೋಣಿ ಇಳಿಸುವ ಮೆಟ್ಟಿಲು ಅಥವಾ ಇಳಿಜಾರಿನ ನಿರ್ಮಾಣ ಮತ್ತು ದುರಸ್ತಿ
• ದೋಣಿಗಳನ್ನು ಇಡುವ ಚೌಕಟ್ಟುಗಳು ಹಾಗೂ ಕೊಠಡಿ
• ಸಾರ್ವಜನಿಕರ ಬಳಕೆಗೆ ದೋಣಿ, ಹುಟ್ಟು, ಲೈಫ್ ಜಾಕೆಟ್‌ಗಳ ಖರೀದಿ
• ಗಾಲಿಕುರ್ಚಿ ಬಳಸುವವರೂ ದೋಣಿ ಏರಲು ಅನುಕೂಲವಾಗುವ ಸಾಧನಗಳು
• ಉಬ್ಬರವಿಳಿತ, ಹಡಗು ಸಂಚಾರ ಹಾಗೂ ನೀರಿನ ಗುಣಮಟ್ಟದ ಕುರಿತ ಸೂಚನಾಫಲಕಗಳು
• ಶಾಲಾ ಮಕ್ಕಳಿಗೆ ದೋಣಿ ತರಬೇತಿ ಮತ್ತು ನದಿ ಪರಿಸರದ ಪಾಠ

ವಿಮಾ ಕಂತು, ನೆಲಬಾಡಿಗೆ, ಸಿಬ್ಬಂದಿಯ ಸಂಬಳ ಮೊದಲಾದ ನಿತ್ಯದ ಖರ್ಚುಗಳನ್ನು ಅನೇಕ ನಿಧಿಗಳು ಭರಿಸುವುದಿಲ್ಲ. ಈಗಾಗಲೇ ಮುಗಿದ ಕೆಲಸಕ್ಕೂ, ಸದಸ್ಯರಿಗೆ ಮಾತ್ರ ಮೀಸಲಾದ ಸೌಕರ್ಯಕ್ಕೂ ಸಾಮಾನ್ಯವಾಗಿ ಅನುದಾನವಿರುವುದಿಲ್ಲ.

ಕಾರ್ಯವಿಧಾನ

ಅರ್ಜಿ ಸಲ್ಲಿಸುವ ಸಂಸ್ಥೆಯು ಅಮೆರಿಕದ ಆದಾಯ ತೆರಿಗೆ ಕಾನೂನಿನ 501(ಸಿ)(3) ವಿಧಿಯಡಿ ತೆರಿಗೆ ವಿನಾಯಿತಿ ಪಡೆದ ದತ್ತಿ ಸಂಸ್ಥೆಯಾಗಿರಬೇಕೆಂಬುದು ಬಹುತೇಕ ನಿಧಿಗಳ ಮೊದಲ ಷರತ್ತು. ಈ ಮಾನ್ಯತೆ ಇನ್ನೂ ದೊರೆಯದ ಹೊಸ ಸಂಘಗಳು ಮಾನ್ಯತೆಯುಳ್ಳ ಬೇರೊಂದು ಸಂಸ್ಥೆಯ ಆಶ್ರಯದಲ್ಲಿ ಅರ್ಜಿ ಸಲ್ಲಿಸಬಹುದು. ಆಗ ಹಣವು ಆಶ್ರಯ ನೀಡಿದ ಸಂಸ್ಥೆಯ ಖಾತೆಗೆ ಬರುತ್ತದೆ. ಲೆಕ್ಕ ಒಪ್ಪಿಸುವ ಹೊಣೆಯೂ ಅದರದೇ.

ಅರ್ಜಿಯಲ್ಲಿ ಯೋಜನೆಯ ವಿವರಣೆ, ಆಯವ್ಯಯ ಪಟ್ಟಿ, ಕಾಲಪಟ್ಟಿ, ಫಲಾನುಭವಿಗಳ ವಿವರ ಮತ್ತು ಜಾಗದ ಒಡೆಯರ ಒಪ್ಪಿಗೆಪತ್ರ ಇರಬೇಕಾಗುತ್ತದೆ. ಇವುಗಳಲ್ಲಿ ಒಪ್ಪಿಗೆಪತ್ರದ ಮಹತ್ವ ಹೆಚ್ಚು. ದೋಣಿಸಂಘಗಳಲ್ಲಿ ಬಹುಪಾಲು ಸ್ವಂತ ದಡವಿಲ್ಲದವು. ನಗರಸಭೆಯ ಉದ್ಯಾನ ಅಥವಾ ಸಾರ್ವಜನಿಕ ಧಕ್ಕೆಯ ಮೇಲೆ ಅನುಮತಿಯಿಂದ ಕೆಲಸ ಮಾಡುತ್ತವೆ. ಅನುದಾನದಿಂದ ನಿರ್ಮಿಸಿದ ಸೌಕರ್ಯವು ಹಲವು ವರ್ಷ ಸಾರ್ವಜನಿಕರಿಗೆ ತೆರೆದಿರುವುದೆಂಬ ಭರವಸೆಯನ್ನು ನಿಧಿಗಳು ಬಯಸುತ್ತವೆ.

ಸಂಸ್ಥೆಯ ಪಾಲು

ಅನೇಕ ಅನುದಾನಗಳು ಯೋಜನೆಯ ಪೂರ್ತಿ ವೆಚ್ಚವನ್ನು ನೀಡುವುದಿಲ್ಲ. ಒಂದು ಪಾಲನ್ನು ಸಂಸ್ಥೆಯೇ ಹೊಂದಿಸಬೇಕು. ಈ ಪಾಲು ನಗದಾಗಿಯೇ ಇರಬೇಕೆಂದಿಲ್ಲ. ದಾನವಾಗಿ ಬಂದ ಸಾಮಗ್ರಿಯ ಬೆಲೆಯನ್ನೂ ಸ್ವಯಂಸೇವಕರ ದುಡಿಮೆಯ ಮೌಲ್ಯವನ್ನೂ ಲೆಕ್ಕಕ್ಕೆ ಹಿಡಿಯಲು ಹಲವು ನಿಧಿಗಳು ಅವಕಾಶ ನೀಡುತ್ತವೆ. ಸ್ವಯಂಸೇವೆಯ ಒಂದು ಗಂಟೆಗೆ ಎಷ್ಟು ಬೆಲೆ ಕಟ್ಟಬಹುದೆಂಬ ಅಂದಾಜನ್ನು ಇಂಡಿಪೆಂಡೆಂಟ್ ಸೆಕ್ಟರ್ ಎಂಬ ಸಂಸ್ಥೆ ಪ್ರಕಟಿಸುತ್ತದೆ.

ತಿಳಿವಳಿಕೆಗಾಗಿ ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ತೇಲುಧಕ್ಕೆಯೊಂದರ ಒಟ್ಟು ವೆಚ್ಚ 12,000 ಡಾಲರ್ ಎಂದೂ, ನಿಧಿಯು ಅದರ ಅರ್ಧವನ್ನು ಕೊಡುವುದೆಂದೂ ಇಟ್ಟುಕೊಳ್ಳೋಣ. ಉಳಿದ 6,000 ಡಾಲರುಗಳಲ್ಲಿ ಸಾರ್ವಜನಿಕ ದೇಣಿಗೆ 2,000, ದಾನವಾಗಿ ಬಂದ ಮರದ ಬೆಲೆ 1,000 ಹಾಗೂ ಗಂಟೆಗೆ 30 ಡಾಲರಿನಂತೆ 100 ಗಂಟೆಗಳ ಸ್ವಯಂಸೇವೆಯ ಮೌಲ್ಯ 3,000 ಆದರೆ ಲೆಕ್ಕ ಸರಿಹೋಗುತ್ತದೆ. ಇಲ್ಲಿ ಸಂಘವು ನಿಜವಾಗಿ ನಗದಾಗಿ ಸಂಗ್ರಹಿಸಬೇಕಾದದ್ದು 2,000 ಡಾಲರ್ ಮಾತ್ರ. ಆದರೆ ದುಡಿದವರ ಹೆಸರು, ದಿನಾಂಕ, ಗಂಟೆಗಳ ದಾಖಲೆಯನ್ನು ಅಂದಂದೇ ಬರೆದಿಡದಿದ್ದರೆ ಆ ದುಡಿಮೆ ಲೆಕ್ಕಕ್ಕೆ ಬಾರದು.

ಹಣ ಪಾವತಿ

ಕೆಲವು ನಿಧಿಗಳು ಮುಂಗಡವಾಗಿ ಹಣ ನೀಡುತ್ತವೆ. ಸರ್ಕಾರಿ ಅನುದಾನಗಳಲ್ಲಿ ಸಾಮಾನ್ಯವಾಗಿ ಸಂಸ್ಥೆಯೇ ಮೊದಲು ಖರ್ಚು ಮಾಡಿ, ರಸೀದಿಗಳನ್ನು ಸಲ್ಲಿಸಿದ ನಂತರ ಮರುಪಾವತಿ ದೊರೆಯುತ್ತದೆ. ಕೈಯಲ್ಲಿ ಹಣವಿಲ್ಲದ ಸಂಘಕ್ಕೆ ಈ ನಡುವಣ ತಿಂಗಳುಗಳು ಕಠಿಣವಾಗಿರುತ್ತವೆ. ಕೆಲಸ ಮುಗಿದ ಮೇಲೆ ಛಾಯಾಚಿತ್ರಗಳು, ಖರ್ಚಿನ ಲೆಕ್ಕ ಮತ್ತು ಸೌಕರ್ಯ ಬಳಸಿದವರ ಸಂಖ್ಯೆಯನ್ನೊಳಗೊಂಡ ವರದಿಯನ್ನು ಒಪ್ಪಿಸಬೇಕು.

ಅನುಮತಿಗಳು ಮತ್ತು ಸುರಕ್ಷತೆ

ಸಣ್ಣ ಧಕ್ಕೆಯೂ ಕಾನೂನಿನ ದೃಷ್ಟಿಯಲ್ಲಿ ನದಿಯಲ್ಲಿನ ನಿರ್ಮಾಣವೇ. ಸಂಚಾರಯೋಗ್ಯ ನೀರಿನಲ್ಲಿ ಏನನ್ನಾದರೂ ಕಟ್ಟಲು 1899ರ ನದಿ ಮತ್ತು ಬಂದರು ಕಾಯಿದೆಯಡಿ ಸೇನೆಯ ಎಂಜಿನಿಯರುಗಳ ದಳದ ಅನುಮತಿ ಬೇಕು. ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆಯ ಪರವಾನಗಿಯೂ ಅಗತ್ಯವಾಗಬಹುದು. ನದಿತಳದ ಬಹುಭಾಗವು ರಾಜ್ಯದ ಒಡೆತನದಲ್ಲಿರುವುದರಿಂದ ಅದರ ಬಳಕೆಗೆ ರಾಜ್ಯದ ಸಾಮಾನ್ಯ ಸೇವೆಗಳ ಕಚೇರಿಯನ್ನು ಸಂಪರ್ಕಿಸಬೇಕಾಗುತ್ತದೆ. ಹಳಿ ದಾಟಿ ಹೋಗಬೇಕಾದ ಕಡೆ ರೈಲ್ವೆಯ ಒಪ್ಪಿಗೆಯಿಲ್ಲದೆ ಕೆಲಸ ಮುಂದುವರಿಯದು. ಅನುಮತಿಗೆ ತಗಲುವ ಕಾಲವು ಅನುದಾನದ ಅವಧಿಗಿಂತ ಹೆಚ್ಚಾಗುವ ಸಂಭವವಿರುವುದರಿಂದ, ಅನುಮತಿಗಳನ್ನು ಮೊದಲೇ ಪಡೆದಿರುವ ಯೋಜನೆಗಳಿಗೆ ಅನುದಾನ ಸಿಗುವುದು ಸುಲಭ.

ಪ್ರತಿ ದೋಣಿಯಲ್ಲಿಯೂ ಪ್ರತಿಯೊಬ್ಬರಿಗೆ ಒಂದರಂತೆ ಮೈಗೆ ಒಪ್ಪುವ ಲೈಫ್ ಜಾಕೆಟ್ ಇರಬೇಕೆಂಬುದು ಕಡ್ಡಾಯ. ನ್ಯೂಯಾರ್ಕ್ ರಾಜ್ಯದಲ್ಲಿ ನವೆಂಬರ್ 1ರಿಂದ ಮೇ 1ರವರೆಗೆ 21 ಅಡಿಗಿಂತ ಚಿಕ್ಕ ದೋಣಿಗಳಲ್ಲಿರುವವರೆಲ್ಲರೂ ಅದನ್ನು ಧರಿಸಿಯೇ ಇರಬೇಕು. ವಸಂತದಲ್ಲಿ ಗಾಳಿ ಬೆಚ್ಚಗಾದರೂ ನೀರು ಬಹುಕಾಲ ತಣ್ಣಗಿರುತ್ತದೆ. ಅಂತಹ ನೀರಿಗೆ ಬಿದ್ದವರು ಕೆಲವೇ ನಿಮಿಷಗಳಲ್ಲಿ ಕೈಕಾಲುಗಳ ಹಿಡಿತ ಕಳೆದುಕೊಳ್ಳಬಹುದು. ಬಂದರಿನ ಭಾಗದಲ್ಲಿ ದೋಣಿಸವಾರಿ ಸೇವೆಯ ಹಡಗುಗಳ ಅಲೆ ಮತ್ತು ಇಳಿತದ ಸೆಳವು ಹೊಸಬರಿಗೆ ಅಪಾಯಕಾರಿ. ಆದ್ದರಿಂದ ಉಚಿತ ಕಯಾಕ್ ಸೇವೆ ನೀಡುವ ಸಂಘಗಳು ಧಕ್ಕೆಗಳ ನಡುವಣ ರಕ್ಷಿತ ನೀರಿನಲ್ಲಿಯೇ ಹೊಸಬರನ್ನು ಬಿಡುತ್ತವೆ.

ಪ್ರಮುಖ ಸಮುದಾಯ ಸಂಸ್ಥೆಗಳು

ಈ ಕೆಳಗಿನ ಸಂಸ್ಥೆಗಳು ದೇಣಿಗೆ, ಅನುದಾನ ಹಾಗೂ ಸ್ವಯಂಸೇವೆಯ ವಿವಿಧ ಬೆರಕೆಗಳಿಂದ ನಡೆಯುವ ಲಾಭರಹಿತ ಜಲವಿಹಾರಕ್ಕೆ ಉದಾಹರಣೆಗಳಾಗಿವೆ.

ಡೌನ್‌ಟೌನ್ ಬೋಟ್‌ಹೌಸ್: ಮ್ಯಾನ್‌ಹಟನ್ನಿನ ಪಶ್ಚಿಮ ದಡದಲ್ಲಿ 1990ರ ದಶಕದಿಂದ ಸಾರ್ವಜನಿಕರಿಗೆ ಉಚಿತವಾಗಿ ಕಯಾಕ್ ಒದಗಿಸುತ್ತಿರುವ, ಪೂರ್ಣವಾಗಿ ಸ್ವಯಂಸೇವಕರಿಂದಲೇ ನಡೆಯುವ ಸಂಸ್ಥೆ. ಬೇಸಿಗೆಯಲ್ಲಿ ಬಂದವರು ಹೆಸರು ಬರೆಸಿ, ಲೈಫ್ ಜಾಕೆಟ್ ತೊಟ್ಟು ಸ್ವಲ್ಪ ಹೊತ್ತು ನೀರಿನ ಮೇಲೆ ಹುಟ್ಟು ಹಾಕಬಹುದು. 1998ರ ಕಾಯಿದೆಯ ಮೂಲಕ ರೂಪುಗೊಂಡ ಹಡ್ಸನ್ ರಿವರ್ ಪಾರ್ಕ್‌ನ 26ನೆಯ ಧಕ್ಕೆಯಲ್ಲಿ ಇದರ ನೆಲೆಯಿದೆ. ಅದೇ ಉದ್ಯಾನದ 96ನೆಯ ಧಕ್ಕೆಯಲ್ಲಿ ಮ್ಯಾನ್‌ಹಟನ್ ಕಮ್ಯುನಿಟಿ ಬೋಟ್‌ಹೌಸ್ ಇಂತಹುದೇ ಸೇವೆ ನೀಡುತ್ತದೆ.

ವಿಲೇಜ್ ಕಮ್ಯುನಿಟಿ ಬೋಟ್‌ಹೌಸ್: 40ನೆಯ ಧಕ್ಕೆಯಲ್ಲಿರುವ ಈ ಸಂಸ್ಥೆಯಲ್ಲಿ ಸ್ವಯಂಸೇವಕರು ವೈಟ್‌ಹಾಲ್ ಗಿಗ್ ಎಂಬ ಸಾಂಪ್ರದಾಯಿಕ ಮರದ ಹುಟ್ಟುದೋಣಿಗಳನ್ನು ತಾವೇ ಕಟ್ಟಿ, ಅವುಗಳಲ್ಲಿ ಜನರನ್ನು ಬಂದರಿಗೆ ಕರೆದೊಯ್ಯುತ್ತಾರೆ.

ಹಡ್ಸನ್ ರಿವರ್ ಕಮ್ಯುನಿಟಿ ಸೇಲಿಂಗ್: ಸರ್ಕಾರಿ ಶಾಲೆಗಳ ವಿದ್ಯಾರ್ಥಿಗಳಿಗೆ ಹಾಯಿದೋಣಿ ನಡೆಸುವುದರ ಜೊತೆಗೆ ಗಣಿತ ಮತ್ತು ವಿಜ್ಞಾನವನ್ನು ಕಲಿಸುತ್ತದೆ. ದಿಕ್ಕು, ಕೋನ, ಗಾಳಿಯ ಬಲ ಮೊದಲಾದ ಪಾಠಗಳು ಇಲ್ಲಿ ನೀರಿನ ಮೇಲೆಯೇ ನಡೆಯುತ್ತವೆ.

ರಿವರ್ ಪೂಲ್ ಅಟ್ ಬೀಕನ್: ಬೀಕನ್ ಪಟ್ಟಣದ ನದಿತೀರದ ಉದ್ಯಾನದಲ್ಲಿ 2007ರಲ್ಲಿ ತೆರೆದ ಸುಮಾರು 20 ಅಡಿ ವ್ಯಾಸದ ತೇಲುಕೊಳ. ನದಿಯ ನೀರೇ ಹರಿದಾಡುವ ಈ ಕೊಳಕ್ಕೆ ಬಲೆಯಂತಹ ತಳವಿದ್ದು, ಮಕ್ಕಳು ಸೆಳವಿಗೆ ಸಿಕ್ಕದೆ ಆಡಬಹುದು. ಪೀಟ್ ಸೀಗರ್ ಅವರ ಪ್ರೋತ್ಸಾಹದಿಂದ ಈ ಯೋಜನೆ ರೂಪುಗೊಂಡಿತು. ವಾಸ್ತುಶಿಲ್ಪಿ ಮೆಟಾ ಬ್ರುನ್‌ಜೆಮಾ ಅವರು ಇದರ ವಿನ್ಯಾಸ ಮಾಡಿದರು. ಬೇಸಿಗೆಯ ಕೆಲವು ವಾರಗಳು ಮಾತ್ರ ತೆರೆದಿರುವ ಈ ಕೊಳಕ್ಕೆ ಪ್ರವೇಶ ಶುಲ್ಕವಿಲ್ಲ. 1870ರ ತೇಲು ಸ್ನಾನಗೃಹಗಳ ಕಲ್ಪನೆಯೇ ಇದರಲ್ಲಿ ಚಿಕ್ಕ ರೂಪದಲ್ಲಿ ಮರಳಿ ಬಂದಂತಿದೆ.

ರಾಕಿಂಗ್ ದ ಬೋಟ್: ಹಡ್ಸನ್ ಅಳಿವೆಗೆ ಹೊಂದಿಕೊಂಡ ಬಂದರು ಜಲಜಾಲದ ಭಾಗವಾಗಿರುವ ಬ್ರಾಂಕ್ಸ್ ನದಿಯಲ್ಲಿ ಕೆಲಸ ಮಾಡುತ್ತದೆ. 1996ರಲ್ಲಿ ಈಸ್ಟ್ ಹಾರ್ಲೆಮ್ ಪ್ರದೇಶದ ಶಾಲೆಯೊಂದರ ಮಕ್ಕಳು ಒಂದು ದೋಣಿ ಕಟ್ಟಿದ ಪ್ರಯತ್ನದಿಂದ ಇದು ಬೆಳೆಯಿತು. ಹದಿಹರೆಯದವರು ಇಲ್ಲಿ ಮರದ ದೋಣಿ ಕಟ್ಟುವುದನ್ನೂ, ಅದರಲ್ಲಿ ಸಾಗಿ ನೀರಿನ ಗುಣಮಟ್ಟವನ್ನು ಪರೀಕ್ಷಿಸುವುದನ್ನೂ ಕಲಿಯುತ್ತಾರೆ.

ಮಿತಿಗಳು ಮತ್ತು ಟೀಕೆಗಳು

ಕಿರು ಅನುದಾನ ವ್ಯವಸ್ಥೆಯ ಮುಖ್ಯ ಕೊರತೆಯೆಂದರೆ ಅದು ವಸ್ತುವಿಗೆ ಸುಲಭವಾಗಿ ಹಣ ಕೊಡುತ್ತದೆ, ಅದನ್ನು ನಡೆಸುವ ಕೆಲಸಕ್ಕೆ ಅಷ್ಟು ಸುಲಭವಾಗಿ ಕೊಡುವುದಿಲ್ಲ. ಹೊಸ ತೇಲುಧಕ್ಕೆಗೆ ನೆರವು ಸಿಗಬಹುದು. ಆದರೆ ಪ್ರತಿ ಶರತ್ಕಾಲದಲ್ಲಿ ಅದನ್ನು ಮೇಲೆತ್ತುವ ಕ್ರೇನಿನ ಬಾಡಿಗೆಗೆ ಸಿಗುವುದಿಲ್ಲ. ಹೊಣೆಗಾರಿಕೆ ವಿಮೆಯಿಲ್ಲದೆ ಒಬ್ಬರನ್ನೂ ನೀರಿಗಿಳಿಸುವಂತಿಲ್ಲವಾದರೂ ಅದರ ಕಂತನ್ನು ದೇಣಿಗೆಯಿಂದಲೇ ತುಂಬಬೇಕು. ಹೀಗಾಗಿ ಸ್ವಯಂಸೇವಕರು ದಣಿದ ಕಡೆ ಒಳ್ಳೆಯ ಸೌಕರ್ಯವೂ ಬೀಗ ಹಾಕಿದ ಸ್ಥಿತಿಗೆ ಬರುವ ಅಪಾಯವಿದೆ.

ಅರ್ಜಿ ಬರೆಯುವ ಕೌಶಲದ ಪ್ರಶ್ನೆಯೂ ಇದೆ. ವಕೀಲರು, ಲೆಕ್ಕಿಗರು, ವಾಸ್ತುಶಿಲ್ಪಿಗಳು ಸದಸ್ಯರಾಗಿರುವ ಊರಿನ ಸಂಘವು ಸುಲಭವಾಗಿ ಅರ್ಜಿ ಸಿದ್ಧಪಡಿಸುತ್ತದೆ. ಅಂತಹವರಿಲ್ಲದ, ಆದರೆ ನದಿಗೆ ದಾರಿ ಹೆಚ್ಚು ಅಗತ್ಯವಿರುವ ಬಡಾವಣೆ ಹಿಂದೆ ಬೀಳುತ್ತದೆ. ಸಣ್ಣ ಮೊತ್ತಕ್ಕೂ ದೊಡ್ಡ ಮೊತ್ತದಷ್ಟೇ ಕಾಗದಪತ್ರ ಕೇಳುವ ನಿಧಿಗಳಲ್ಲಿ ಈ ಅಸಮಾನತೆ ಇನ್ನಷ್ಟು ಹೆಚ್ಚುತ್ತದೆ.

ನೀರಿನ ಗುಣಮಟ್ಟವೂ ಸಂಪೂರ್ಣವಾಗಿ ಇತ್ಯರ್ಥವಾದ ವಿಷಯವಲ್ಲ. ನ್ಯೂಯಾರ್ಕ್ ನಗರದ ಸುಮಾರು ಶೇಕಡ 60ರಷ್ಟು ಭಾಗದಲ್ಲಿ ಮಳೆನೀರೂ ಕೊಳಚೆ ನೀರೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಜೋರು ಮಳೆ ಬಂದಾಗ ಸಂಸ್ಕರಣಾ ಘಟಕಗಳ ಸಾಮರ್ಥ್ಯ ಮೀರಿ, ಮಿಶ್ರ ನೀರು ನೇರವಾಗಿ ನದಿಗೆ ಸೇರುತ್ತದೆ. ಆದ್ದರಿಂದ ಮಳೆಯಾದ ನಂತರ ಒಂದೆರಡು ದಿನ ನೀರಿಗಿಳಿಯದಿರುವುದು ಸಾಮಾನ್ಯವಾಗಿ ಪಾಲಿಸುವ ಎಚ್ಚರಿಕೆ. ಪಿಸಿಬಿಯ ಕಾರಣ ಹಡ್ಸನ್ ಮೀನುಗಳನ್ನು ತಿನ್ನುವ ಕುರಿತೂ ರಾಜ್ಯದ ಆರೋಗ್ಯ ಇಲಾಖೆಯ ನಿರ್ಬಂಧ ಸೂಚನೆಗಳಿವೆ.

ಈ ಸಮಸ್ಯೆಗಳನ್ನು ಕಿರು ಅನುದಾನಗಳು ಪರಿಹರಿಸಲಾರವು. ಅವುಗಳಿಗೆ ದೊಡ್ಡ ಸಾರ್ವಜನಿಕ ಹೂಡಿಕೆಯೇ ಬೇಕು. ಆದರೆ ಮಳೆಯ ಮರುದಿನ ದೋಣಿಮನೆಯ ಬಾಗಿಲು ಏಕೆ ಮುಚ್ಚಿದೆ ಎಂದು ಕೇಳುವ ಜನರಿರುವಲ್ಲಿ ಕೊಳಚೆ ಕೊಳವೆಯ ವಿಷಯ ಎಂಜಿನಿಯರುಗಳ ಕಡತದಲ್ಲಿಯೇ ಉಳಿಯದೆ ಊರಿನ ಮಾತಾಗುತ್ತದೆ. ಸಮುದಾಯ ಜಲವಿಹಾರಕ್ಕೆ ನೆರವು ನೀಡುವುದು ನದಿಯ ರಕ್ಷಣೆಯ ಒಂದು ಅಂಗವೆಂದು ಇದರ ಸಮರ್ಥಕರು ವಾದಿಸುವುದು ಈ ಕಾರಣದಿಂದಲೇ.